ತಲೆ ತೆಗೆದ ಪದ

ಐ.ಡಿ.ಹಳ್ಳಿ
12 ಜೂನ್ 2011

ಓಬಳರಾಜು ಸಾರ್ ಅವರಿಗೆ ನಮಸ್ಕಾರ.

ನೀವು ಯಾರು ಅಂತ ನನಗೆ ಗೊತ್ತಿಲ್ಲ. ನಿಮ್ಮ ವಿಳಾಸ ನಮ್ಮಪ್ಪನ ಫೋನಿನಲ್ಲಿ ಸಿಕ್ಕಿತು. ಅದರಲ್ಲಿರುವ ನಿಮ್ಮ ಇಂಗ್ಲಿಷ್-ಕನ್ನಡ ಡಿಕ್ಷನರಿ ತೆರೆದು ಕೊನೆಗೆ ಹೋದರೆ ‘ತಯಾರಿಸಿದವರು’ ಅಂತ ಇದೆಯಲ್ಲ, ಅಲ್ಲಿ ನಿಮ್ಮ ಹೆಸರು, ತೋವಿನಕೆರೆಯ ನಂದೀಶ್ವರಯ್ಯ ಮೇಷ್ಟ್ರ ಹೆಸರು, ಕೆಳಗೆ ಸಿರಾದ ವಿಳಾಸ ಇತ್ತು. ಫೋನ್ ನಂಬರ್ ಇರಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನನ್ನ ಹೆಸರು ಗಂಗಲಕ್ಷ್ಮಿ. ಮಧುಗಿರಿಯಲ್ಲಿ ಬಿ.ಎ. ಮೊದಲ ವರ್ಷ ಓದಿದೆ, ಇಂಗ್ಲಿಷಿನಲ್ಲಿ ಫೇಲಾಗಿದ್ದೇನೆ. ನಮ್ಮದು ಕುರಿ ಸಾಕುವ ಮನೆ. ನಮ್ಮಪ್ಪ ಅಂಜನಪ್ಪ ಮಧುಗಿರಿಯ ಭೀಮರಾಜು ಅವರ ಅಂಗಡಿಯಲ್ಲಿ ಫೋನಿಗೆ ಹಾಡು ತುಂಬಿಸೋಕೆ ಹೋಗಿದ್ದಾಗ, ಮಗಳು ಓದ್ತಾಳೆ ಅಂತ ಹೇಳಿದ್ದಕ್ಕೆ ಅವರು ಹಾಡಿನ ಜತೆ ಈ ಡಿಕ್ಷನರಿಯನ್ನೂ ಹಾಕಿ ಕಳಿಸಿದ್ದಾರೆ. ಗುಂಡಿ ಒತ್ತುವ ಚಿಕ್ಕ ಫೋನಿನಲ್ಲಿ ಕನ್ನಡ ಅಕ್ಷರ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಬೇರೆ ಯಾವುದರಲ್ಲಿ ನೋಡಿದರೂ ಬರೀ ಚೌಕ ಚೌಕ ಕಾಣುತ್ತಿತ್ತು.

ಅಪ್ಪ ಕುರಿ ಹಿಂದೆ ಹೋದರೆ ಫೋನೂ ಹೋಗುತ್ತದೆ. ಸಂಜೆ ಬಂದ ಮೇಲೆ ನನ್ನ ಕೈಗೆ ಕೊಡುತ್ತಾರೆ, ಆಗ ಓದಿಕೊಳ್ಳುತ್ತೇನೆ. ಪದಕ್ಕೆ ಬಾಲ ಇದ್ದರೂ ನಿಮ್ಮ ಡಿಕ್ಷನರಿ ತಾನೇ ಬಾಲ ತೆಗೆದು ಅರ್ಥ ತೋರಿಸುತ್ತದೆ. ರನ್ನಿಂಗ್ ಅಂತ ಹಾಕಿದರೂ ಓಡು ಅಂತ ಬರುತ್ತದೆ. ಇದು ನನಗೆ ಬಹಳ ಅನುಕೂಲ. ಆದರೆ ಕುರಿ ತುಪ್ಪಟ ಕತ್ತರಿಸುವುದಕ್ಕೆ ಇಂಗ್ಲಿಷಿನಲ್ಲಿ ಶೀರ್ ಅಂತಾರಂತೆ, ಅದನ್ನು ಹಾಕಿದರೆ ಪರದೆ ಖಾಲಿ ಬರುತ್ತದೆ. ಇಲ್ಲದ ಪದಗಳನ್ನು ಒಂದು ಹಾಳೆಯಲ್ಲಿ ಬರೆದಿಡುತ್ತಿದ್ದೇನೆ. ಬೇಕಿದ್ದರೆ ಕಳಿಸುತ್ತೇನೆ.

ಇಂತಿ,
ಗಂಗಲಕ್ಷ್ಮಿ


ಸಿರಾ
25 ಜೂನ್ 2011

ಗಂಗಲಕ್ಷ್ಮಿಯವರಿಗೆ,

ನಿಮ್ಮ ಕಾಗದವನ್ನು ನಾನು ಎಷ್ಟು ಸಲ ಓದಿದೆ ಅಂತ ಹೇಳಿದರೆ ನಗುತ್ತೀರಿ. ಆ ವಿಳಾಸ ಹಾಕಿ ಒಂದು ವರ್ಷವಾಯಿತು. ಬಂದ ಮೊದಲ ಕಾಗದ ನಿಮ್ಮದು.

ನಾನು ಸಿರಾದಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ನಿಘಂಟಿನ ಪುಸ್ತಕವೂ ಇಲ್ಲ. ಫೋನು ಮಾತ್ರ ಎಲ್ಲರ ಮನೆಯಲ್ಲೂ ಇದೆ. ಅದಕ್ಕೇ ಕಡಿಮೆ ದರ್ಜೆಯ ಜಾವಾ ಫೋನಿನಲ್ಲಿ ಓಡುವಂಥದ್ದೇ ಮಾಡಬೇಕು ಅಂತ ಹಟ ಹಿಡಿದೆ. ಆ ಫೋನುಗಳಿಗೆ ಕನ್ನಡ ಅಕ್ಷರ ಬರುವುದಿಲ್ಲ. ಹಾಗಾಗಿ ಒಂದೊಂದು ಅಕ್ಷರವನ್ನೂ, ಒಂದೊಂದು ಒತ್ತನ್ನೂ ಚುಕ್ಕಿ ಚುಕ್ಕಿಯಾಗಿ ಚಿತ್ರ ಬರೆದೆ. ನೀವು ಓದುತ್ತಿರುವುದು ಅಕ್ಷರ ಅಲ್ಲ, ಸಾಲಾಗಿ ಜೋಡಿಸಿದ ಚಿತ್ರಗಳು. ‘ಕ್ಷ’ ಒಂದಕ್ಕೇ ಎರಡು ದಿನ ಹಿಡಿಯಿತು.

ಅರ್ಥ ಬರೆದವರು ನಂದೀಶ್ವರಯ್ಯ ಮೇಷ್ಟ್ರು. ರಿಟೈರಾದ ಮೇಲೆ ನಾಲ್ಕು ವರ್ಷ ಕೂತು ಹದಿನಾರು ನೋಟ್‌ಬುಕ್ಕಿನಲ್ಲಿ ಇಪ್ಪತ್ತೆರಡು ಸಾವಿರ ಪದ ಬರೆದರು. ಅಷ್ಟನ್ನೂ ತುಂಬಿದರೆ ಸಣ್ಣ ಫೋನುಗಳು ತೆರೆಯುವುದೇ ಇಲ್ಲ, ಮುನ್ನೂರು ಕೆ.ಬಿ. ದಾಟಿದರೆ ಕೈ ಎತ್ತಿಬಿಡುತ್ತವೆ. ಅದಕ್ಕೇ ತಲೆ, ಬಾಲ ಸೇರಿಸಿ ಆದ ಪದಗಳನ್ನೆಲ್ಲ ಬಿಟ್ಟು ಒಂಬತ್ತು ಸಾವಿರ ಮೂಲಪದ ಮಾತ್ರ ಉಳಿಸಿದೆ. ನೀವು ಹಾಕಿದ ಪದ ಸಿಗದಿದ್ದರೆ ಅದು ತಲೆ ಬಾಲ ತೆಗೆದು ಮೂಲಪದ ಹುಡುಕುತ್ತದೆ. ಈ ವಿಷಯಕ್ಕೇ ಮೇಷ್ಟ್ರಿಗೂ ನನಗೂ ಮಾತು ಬಂತು. “ಬಾಲ ತೆಗಿ ಪರವಾಗಿಲ್ಲ. ತಲೆ ತೆಗೆದ್ರೆ ಅದು ಅದೇ ಪದ ಆಗಿರಲ್ಲ ಕಣಪ್ಪ” ಅಂದರು. ಅವರಿಗೆ ಫೋನಿನ ಕಷ್ಟ ಗೊತ್ತಿಲ್ಲ. ಈಗ ನಾನು ತೋವಿನಕೆರೆಗೆ ಹೋಗುವುದಿಲ್ಲ, ಅವರೂ ಕರೆಯುವುದಿಲ್ಲ.

ಶೀರ್ ಬರೆದುಕೊಂಡೆ. ನಿಮ್ಮ ಹಾಳೆ ಖಂಡಿತ ಕಳಿಸಿ.

ನಿಮ್ಮ ವಿಶ್ವಾಸಿ,
ಓಬಳರಾಜು


ಐ.ಡಿ.ಹಳ್ಳಿ
3 ಸೆಪ್ಟೆಂಬರ್ 2011

ಓಬಳರಾಜು ಸಾರ್‌ಗೆ,

ತಡವಾಯಿತು. ಹಾಳೆ ಈ ಕಾಗದದ ಜತೆ ಇದೆ, ನಲವತ್ತು ಪದ.

ಜುಲೈಯಲ್ಲಿ ಅಪ್ಪ ಕುರಿ ಮೇಯಿಸುವ ಕಡೆ ತಲೆ ಸುತ್ತಿ ಬಿದ್ದರು. ಮಧುಗಿರಿಯ ಡಾಕ್ಟರು ಎದೆ ಹೊಡೆದುಕೊಳ್ಳುವುದು ತಾಳ ತಪ್ಪಿದೆ ಅಂತ ಹೇಳಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಹನ್ನೊಂದು ದಿನ ಅಲ್ಲಿದ್ದೆವು. ಈಗ ಮನೆಯಲ್ಲಿದ್ದಾರೆ. ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಸಣ್ಣ ಬಿಳೀ ಮಾತ್ರೆ, ಅದರ ಜತೆ ಇನ್ನೂ ಮೂರು. ಚೀಟಿಯಲ್ಲಿ ಎಲ್ಲ ಇಂಗ್ಲಿಷೇ. ಆಸ್ಪತ್ರೆಯಲ್ಲಿ ಕೇಳಿದರೆ, ಓದಿದೀಯಲ್ಲಮ್ಮ ನೋಡ್ಕೋ ಅಂತಾರೆ. ನಾನು ಒಂದೊಂದೇ ಪದ ನಿಮ್ಮ ಡಿಕ್ಷನರಿಗೆ ಹಾಕಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಊಟಕ್ಕೆ ಮುಂಚೆ ಯಾವುದು, ಆಮೇಲೆ ಯಾವುದು, ಎಲ್ಲ. ನಮ್ಮ ಅವ್ವ ಹೊನ್ನಕ್ಕನಿಗೆ ಓದು ಬರುವುದಿಲ್ಲ, ಆದ್ದರಿಂದ ಮಾತ್ರೆ ಕೊಡುವ ಕೆಲಸ ನನ್ನದೇ.

ಅಪ್ಪ ಬಂದವರಿಗೆಲ್ಲ ಆ ಗೋಡೆ ತೋರಿಸುತ್ತಾರೆ. “ನಮ್ಮನೇಲೇ ಡಾಕ್ಟ್ರವ್ಳೆ ನೋಡು” ಅಂತಾರೆ. ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳಲಿ ಅನ್ನಿಸುತ್ತದೆ.

ಇಂಗ್ಲಿಷ್ ಮತ್ತೆ ನವೆಂಬರಿನಲ್ಲಿ ಬರೆಯಬೇಕು.

ಇಂತಿ,
ಗಂಗಲಕ್ಷ್ಮಿ


ಸಿರಾ
20 ಸೆಪ್ಟೆಂಬರ್ 2011

ಗಂಗಲಕ್ಷ್ಮಿಗೆ,

ತಂದೆಯವರು ಬೇಗ ಚೇತರಿಸಿಕೊಳ್ಳಲಿ. ನೀವು ಗೋಡೆಗೆ ಅಂಟಿಸಿದ ಚೀಟಿಯ ವಿಷಯವನ್ನು ನನ್ನ ತರಗತಿಯಲ್ಲಿ ಓದಿ ಹೇಳಿದೆ. ಮೂರು ವರ್ಷ ನಾನು ಮಾಡಿದ್ದು ಯಾತಕ್ಕೆ ಅಂತ ನನ್ನ ಮನೆಯಲ್ಲೇ ಕೇಳುತ್ತಿದ್ದರು. ಅವರಿಗೂ ತೋರಿಸಿದೆ.

ಈಗ ಕೊರಟಗೆರೆ, ಪಾವಗಡದ ಅಂಗಡಿಗಳಿಗೂ ಕೊಟ್ಟಿದ್ದೇನೆ. ಗೊರವನಹಳ್ಳಿಯಲ್ಲಿ ದೇವಸ್ಥಾನದ ಹತ್ತಿರದ ಅಂಗಡಿಯವರು ಬಸ್ಸಿನಲ್ಲಿ ಬರುವ ಭಕ್ತರ ಫೋನಿಗೂ ಹಾಕಿಕೊಡುತ್ತಿದ್ದಾರಂತೆ. ಒಂದು ಫೋನಿನಿಂದ ಇನ್ನೊಂದಕ್ಕೆ ಬ್ಲೂಟೂತಿನಲ್ಲಿ ಜನರೇ ಕಳಿಸಿಕೊಳ್ಳುತ್ತಾರೆ. ನಾನು ಕೊಟ್ಟಿದ್ದು ಎಷ್ಟು ದೂರ ಹೋಗಿದೆಯೋ ನನಗೇ ತಿಳಿಯದು. ಹೀಗೆ ಬರೆಯುವಾಗ ಸ್ವಲ್ಪ ಹೆಮ್ಮೆ ಇದೆ, ಒಪ್ಪಿಕೊಳ್ಳುತ್ತೇನೆ.

ಚೀಟಿಯ ಪದಗಳನ್ನು ಧೈರ್ಯವಾಗಿ ಹಾಕಿ ನೋಡಿ. ಏನಾದರೊಂದು ಅರ್ಥ ಬಂದೇ ಬರುತ್ತದೆ.

ಓಬಳರಾಜು


ಐ.ಡಿ.ಹಳ್ಳಿ
14 ಜನವರಿ 2012

ಓಬಳರಾಜು ಸಾರ್‌ಗೆ,

ಕ್ಷೇಮ ಅಂತ ಬರೆಯುವ ಹಾಗಿಲ್ಲ. ಅಪ್ಪ ತೀರಿಕೊಂಡರು. ನವೆಂಬರ್ ಇಪ್ಪತ್ತೊಂಬತ್ತು, ಮಂಗಳವಾರ.

ದೀಪಾವಳಿ ಆದಮೇಲೆ ಅವರ ಒಸಡಿನಲ್ಲಿ ರಕ್ತ ಬರೋಕೆ ಶುರುವಾಯಿತು. ತೋಳಿನ ಮೇಲೆ ಸುಮ್ಮಸುಮ್ಮನೆ ನೀಲಿ ಕಲೆ ಏಳುತ್ತಿದ್ದವು. ಹತ್ತೊಂಬತ್ತನೇ ತಾರೀಖು ತುಮಕೂರಿನಲ್ಲಿ ತೋರಿಸಿದರು. ಅಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿ ಹೊಸ ಚೀಟಿ ಕೊಟ್ಟರು. ಹೊಸದಾಗಿ ಎರಡು ಮಾತ್ರೆ ಇತ್ತು. ಹಳೇ ಬಿಳೀ ಮಾತ್ರೆಯ ಹೆಸರಿನ ಮುಂದೆ ಒಂದು ಉದ್ದನೆಯ ಪದ ಬರೆದಿದ್ದರು. ಹಾಕಿ ನೋಡಿದೆ, ಮುಂದುವರಿಸು ಅಂತ ಬಂತು. ಒಂದು ದಿನವೂ ತಪ್ಪಿಸದೆ ಕೊಟ್ಟೆ.

ಆ ಮಂಗಳವಾರ ಬೆಳಿಗ್ಗೆ ಕುರಿ ರೊಪ್ಪದ ಬಾಗಿಲು ತೆಗೆಯೋಕೆ ಹೋದವರು ತಲೆ ಹಿಡಿದುಕೊಂಡು ಅಲ್ಲೇ ಕೂತರು. ವಾಂತಿಯಾಯಿತು. ಮಾತು ತೊದಲಿತು. ಪಕ್ಕದ ಮನೆಯ ತಿಮ್ಮರಾಯಪ್ಪನವರು ಆಟೋದಲ್ಲಿ ಹಾಕಿಕೊಂಡು ಹೊರಟರು. ಮಧುಗಿರಿ ಬೆಟ್ಟ ಕಾಣುತ್ತಿತ್ತು, ಊರು ಸಿಗಲಿಲ್ಲ. ಅಲ್ಲಿಂದಲೇ ವಾಪಸ್ ತಂದೆವು.

ನಾಳೆ ಸಂಕ್ರಾಂತಿ. ನಮ್ಮ ಮನೆಯಲ್ಲಿ ಈ ಸಲ ಇಲ್ಲ. ಈಗ ಕುರಿ ಹಿಂದೆ ಅವ್ವನೇ ಹೋಗುತ್ತಾಳೆ. ನನ್ನ ಜತೆ ಜಾಸ್ತಿ ಮಾತಾಡುವುದಿಲ್ಲ. ಅಪ್ಪ ಇದ್ದಾಗ ಮಾತ್ರೆ ಒಂದೂ ಹೆಚ್ಚುಕಡಿಮೆಯಾಗಲಿಲ್ಲ, ಅಷ್ಟು ಮಾತ್ರ ನನಗೆ ಸಮಾಧಾನ. ಅದಕ್ಕೆ ನಿಮಗೆ ಒಂದು ಮಾತು ಹೇಳಬೇಕು ಅನ್ನಿಸಿತು.

ಗಂಗಲಕ್ಷ್ಮಿ


ಸಿರಾ
22 ಜನವರಿ 2012

ಗಂಗಲಕ್ಷ್ಮಿಯವರಿಗೆ,

ಏನು ಬರೆದರೂ ಸಾಲದು. ಅವರನ್ನು ನಾನು ನೋಡಿರಲಿಲ್ಲ, ಆದರೂ ನಿಮ್ಮ ಕಾಗದಗಳಿಂದ ನೋಡಿದ ಹಾಗೇ ಇತ್ತು.

ಒಂದು ಕೆಲಸ ಮಾಡುತ್ತೀರಾ? ಆ ಹೊಸ ಚೀಟಿ ಇದ್ದರೆ, ಬಿಳೀ ಮಾತ್ರೆಯ ಹೆಸರಿನ ಮುಂದೆ ಇದ್ದ ಉದ್ದನೆಯ ಪದವನ್ನು ಒಂದೊಂದೇ ಅಕ್ಷರ ನೋಡಿ ಬರೆದು ಕಳಿಸಿ. ನಿಘಂಟನ್ನು ತಿದ್ದುತ್ತಿದ್ದೇನೆ, ಅದಕ್ಕೆ ಬೇಕಾಗಿದೆ.

ಓಬಳರಾಜು


ಐ.ಡಿ.ಹಳ್ಳಿ
4 ಫೆಬ್ರವರಿ 2012

ಸಾರ್,

ಚೀಟಿ ಇದೆ. ನೋಡಿ ಬರೆಯುತ್ತಿದ್ದೇನೆ. ಡಿ, ಐ, ಎಸ್, ಸಿ, ಓ, ಎನ್, ಟಿ, ಐ, ಎನ್, ಯು, ಇ. ಹನ್ನೊಂದು ಅಕ್ಷರ. ಡಾಕ್ಟರು ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ನಿನ್ನೆ ಭೀಮರಾಜು ಅವರ ಅಂಗಡಿಗೆ ಹೋಗಿದ್ದೆ. ಹೋದ ವಾರ ಸಿರಾದಿಂದ ನೀವೇ ಬಂದಿದ್ದಿರಂತೆ. ಅವರ ಕಂಪ್ಯೂಟರಿನಿಂದ ಡಿಕ್ಷನರಿ ಅಳಿಸಿ, ಹಾಕಿಸಿಕೊಂಡವರು ಯಾರಾದರೂ ಬಂದರೆ ಅವರ ಫೋನಿನಿಂದಲೂ ತೆಗೆದುಹಾಕಿ ಅಂತ ಕೈ ಮುಗಿದಿರಂತೆ. ಭೀಮರಾಜು ಅಣ್ಣ ಯಾಕೆ ಅಂತ ಕೇಳಿದರೆ ನೀವು ಹೇಳಲಿಲ್ಲವಂತೆ.

ಮಧುಗಿರಿವರೆಗೂ ಬಂದವರು ನಮ್ಮೂರಿಗೆ ಯಾಕೆ ಬರಲಿಲ್ಲ ಸಾರ್?

ಗಂಗಲಕ್ಷ್ಮಿ


ಸಿರಾ
11 ಮಾರ್ಚ್ 2012

ಗಂಗಲಕ್ಷ್ಮಿ,

ನಿಮ್ಮ ಕಾಗದ ಬಂದು ಐದು ವಾರ ಆಯಿತು. ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಆ ಪದದ ಅರ್ಥ ‘ನಿಲ್ಲಿಸು’.

ಕಂಟಿನ್ಯೂ ಅಂದರೆ ಮುಂದುವರಿಸು. ಅದರ ತಲೆಗೆ ಡಿ, ಐ, ಎಸ್ ಎಂಬ ಮೂರು ಅಕ್ಷರ ಬಂದರೆ ಅರ್ಥ ತಿರುಗುಮುರುಗಾಗುತ್ತದೆ. ಡಾಕ್ಟರು ಬಿಳೀ ಮಾತ್ರೆ ನಿಲ್ಲಿಸಿ ಅಂತ ಬರೆದಿದ್ದರು. ಒಸಡಿನ ರಕ್ತ, ತೋಳಿನ ಕಲೆ ಎಲ್ಲ ಆ ಮಾತ್ರೆಯಿಂದಲೇ ಬಂದದ್ದು ಅಂತ ನಾನು ಇಲ್ಲಿ ಒಬ್ಬ ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ಹತ್ತು ದಿನ ಅದನ್ನು ಕೊಟ್ಟದ್ದು ನಿಮ್ಮ ಕೈಯಾದರೂ ಕೊಡಿಸಿದ್ದು ನಾನು.

ಜಾಗ ಉಳಿಸುವುದಕ್ಕೆ ಆ ಪದ ತೆಗೆದೆ. ಅಷ್ಟೇ ಆಗಿದ್ದರೆ ಫೋನು ‘ಈ ಪದ ಸಿಗಲಿಲ್ಲ’ ಅನ್ನುತ್ತಿತ್ತು, ನೀವು ಬೇರೆ ಯಾರನ್ನಾದರೂ ಕೇಳುತ್ತಿದ್ದಿರಿ. ಮೊದಲು ಹಾಗೆಯೇ ಮಾಡಿದ್ದೆ. ಒಂದು ದಿನ ಸಿರಾದ ಒಂದು ಶಾಲೆಯಲ್ಲಿ ಮೇಷ್ಟ್ರುಗಳ ಮುಂದೆ ತೋರಿಸಿದೆ. ಅವರು ಕೇಳಿದ ಐದು ಪದಕ್ಕೆ ನಾಲ್ಕು ಸಲ ‘ಸಿಗಲಿಲ್ಲ’ ಬಂತು. ಅವರು ನಕ್ಕರು. ಆ ನಗು ತಡೆಯಲಾಗದೆ ಮನೆಗೆ ಬಂದು ‘ಸಿಗಲಿಲ್ಲ’ ಅನ್ನುವುದನ್ನೇ ಕಿತ್ತುಹಾಕಿದೆ. ಪದ ಇಲ್ಲದಿದ್ದರೆ ತಲೆ ತೆಗಿ, ಬಾಲ ತೆಗಿ, ಉಳಿದದ್ದಕ್ಕೆ ಅರ್ಥ ಹೇಳು ಅಂತ ಬರೆದೆ. ತೆಗೆಯಲು ತಲೆ ಬಾಲ ಎರಡೂ ಇಲ್ಲದ ಶೀರ್‌ನಂಥ ಪದಕ್ಕೆ ಮಾತ್ರ ಪರದೆ ಖಾಲಿ ಬರುತ್ತಿತ್ತು. ಮೇಲೆ ಒಂದು ಮೂಲೆಯಲ್ಲಿ ‘ಮೂಲಪದ’ ಅಂತ ಚಿಕ್ಕದಾಗಿ ಬರುವ ಹಾಗೆ ಮಾಡಿದ್ದೆ. ನಿಮ್ಮಪ್ಪನದು ಸಣ್ಣ ಪರದೆಯ ಫೋನು. ಅದು ಅದರಲ್ಲಿ ಕಾಣಿಸುವುದೇ ಇಲ್ಲ ಅಂತ ಮೊನ್ನೆ ಅಂಥದೇ ಫೋನು ಹುಡುಕಿ ತಂದು ನೋಡಿದೆ.

ತೋವಿನಕೆರೆಗೆ ಹೋದೆ. ನಂದೀಶ್ವರಯ್ಯ ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಒಳಗೆ ಹೋಗಿ ಐದನೇ ನೋಟ್‌ಬುಕ್ ತಂದು ಒಂದು ಪುಟ ತೆಗೆದು ನನ್ನ ಮುಂದೆ ಇಟ್ಟರು. ಆ ಪದ ಅವರ ಕೈಬರಹದಲ್ಲಿತ್ತು. ಎದುರಿಗೆ ‘ನಿಲ್ಲಿಸು, ಬಿಟ್ಟುಬಿಡು’. ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡ ಗೆರೆ. ಗೆರೆ ನನ್ನದು. ಮೇಷ್ಟ್ರು ಎದ್ದು ಹಿತ್ತಿಲಿಗೆ ಹೋದರು. ನಾನು ಹೊರಡುವವರೆಗೂ ಒಳಗೆ ಬರಲಿಲ್ಲ.

ನಿಮ್ಮೂರಿಗೆ ಬರದೇ ಇದ್ದದ್ದು ಹೆದರಿ. ನೀವು ಮಾತ್ರೆ ಸರಿಯಾಗಿ ಕೊಟ್ಟೆ ಅನ್ನುವ ಸಮಾಧಾನದಲ್ಲಿದ್ದಿರಿ. ಅದನ್ನು ಕಿತ್ತುಕೊಳ್ಳಬಾರದು ಅಂತ ನೆಪ ಹೇಳಿಕೊಂಡೆ. ನಿಮ್ಮ ತಪ್ಪು ಇದರಲ್ಲಿ ಏನೂ ಇಲ್ಲ. ಕ್ಷಮೆ ಕೇಳುವುದಕ್ಕೆ ನನಗೆ ಮುಖವಿಲ್ಲ.

ಓಬಳರಾಜು


ಐ.ಡಿ.ಹಳ್ಳಿ
16 ಏಪ್ರಿಲ್ 2012

ಓಬಳರಾಜು ಅವರಿಗೆ,

ನನ್ನ ತಪ್ಪು ಏನೂ ಇಲ್ಲ ಅಂತ ಬರೆದಿದ್ದೀರಿ. ನಿಮಗೆ ಗೊತ್ತಿಲ್ಲದ್ದು ಒಂದಿದೆ. ಯಾರಿಗೂ ಹೇಳಿಲ್ಲ, ಈಗ ಬರೆಯುತ್ತೇನೆ.

ತುಮಕೂರಿಗೆ ಹೋದ ದಿನ ನಾನು ಜತೆಯಲ್ಲಿರಲಿಲ್ಲ. ಅವತ್ತು ನನಗೆ ಇಂಗ್ಲಿಷ್ ಪರೀಕ್ಷೆ. ಅಪ್ಪ, ಅವ್ವ ಇಬ್ಬರೇ ಹೋಗಿದ್ದರು. ಸಂಜೆ ಬಂದವಳೇ ಅವ್ವ ಬಿಳೀ ಮಾತ್ರೆಯ ಡಬ್ಬಿ ತೆಗೆದು ಅಟ್ಟದ ಮೇಲೆ ಇಟ್ಟಳು. “ಇದು ಬ್ಯಾಡ್ವಂತೆ ಕಣಮ್ಮಿ, ನಿಲ್ಲುಸ್ಬೇಕಂತೆ. ಆ ನರ್ಸಮ್ಮ ಹಿಂಗೆ ಕೈ ಆಡ್ಸಿ ಹೇಳುದ್ಲು” ಅಂದಳು.

ನಾನು ಚೀಟಿ ಈಸಿಕೊಂಡು ಆ ಪದ ಹಾಕಿದೆ. ಬಂದದ್ದನ್ನು ಜೋರಾಗಿ ಓದಿದೆ. ನರ್ಸು ಬೇರೆ ಯಾವುದೋ ಮಾತ್ರೆಗೆ ಹೇಳಿರುತ್ತಾರೆ, ನಿನಗೆ ತಿಳಿದಿಲ್ಲ ಅಂದೆ. ಅವ್ವ ಇನ್ನೊಂದು ಸಲ ಹೇಳಿದಳು. ನಾನು ಫೋನನ್ನು ಅವಳ ಮುಖಕ್ಕೆ ಹಿಡಿದು, “ನೋಡು, ಇಲ್ಲಿ ಬರ್ದೈತೆ. ನಿಂಗೆ ಓದಾಕ್ ಬತ್ತದಾ?” ಅಂದೆ.

ಅಪ್ಪ ಮಂಚದ ಮೇಲೆ ಕೂತು ಇಬ್ಬರದೂ ಕೇಳುತ್ತಿದ್ದರು. “ಓದಿರೋಳು ಹೇಳ್ತಾವ್ಳೆ, ತತ್ತಾ ಬುಡು” ಅಂತ ಕೈ ಚಾಚಿದರು. ಅವ್ವನೇ ಅಟ್ಟದಿಂದ ಡಬ್ಬಿ ಇಳಿಸಿ ನನ್ನ ಕೈಗೆ ಕೊಟ್ಟಳು.

ಅವ್ವ ನನ್ನ ಜತೆ ಮಾತಾಡುವುದಿಲ್ಲ ಅಂತ ಬರೆದಿದ್ದೆನಲ್ಲ. ಗಂಡನನ್ನು ಕಳಕೊಂಡ ದುಃಖ ಅಂದುಕೊಂಡಿದ್ದೆ. ಬೇರೆ ಏನೋ ಇರಬಹುದು ಅಂತ ಒಳಗೆ ಅನ್ನಿಸುತ್ತಿತ್ತು, ಅದಕ್ಕೇ ಮಾತ್ರೆ ಸರಿಯಾಗಿ ಕೊಟ್ಟೆ ಅಂತ ನಿಮಗೆ ಬರೆದೆ. ನೀವು ಹೌದು ಅನ್ನಲಿ ಅಂತ.

ನಿಮ್ಮ ಕಾಗದ ಬಂದ ಮೇಲೆ ಹದಿನೈದು ದಿನ ಪುಸ್ತಕದ ಒಳಗೆ ಇಟ್ಟುಕೊಂಡಿದ್ದೆ. ಆಮೇಲೆ ಒಂದು ಮಧ್ಯಾಹ್ನ ಅವ್ವ ಹುಣಸೆಹಣ್ಣು ಜಜ್ಜುತ್ತಾ ಕೂತಿದ್ದಾಗ ಪೂರ್ತಿ ಓದಿ ಹೇಳಿದೆ. ಅವಳು ಜಜ್ಜುವುದು ನಿಲ್ಲಿಸಲಿಲ್ಲ. ಓದಿ ಮುಗಿದ ಮೇಲೆ ಬೀಜ ಬೇರೆ ಮಾಡುತ್ತಾ ಹೇಳಿದಳು: “ಅವತ್ತೇ ಗೊತ್ತಿತ್ತು ಕಣೆ ನಂಗೆ. ಆ ಡಬ್ಬೀನ ಬಾವಿಗೆಸೀಬೇಕಾಗಿತ್ತು. ಓದಿಲ್ದೋಳು ಅಂತ ನಾನೇ ಹೆದರ್ಕಂಡೆ.”

ನಾನು ಬೈಸಿಕೊಳ್ಳೋಕೆ ಸಿದ್ಧವಾಗಿದ್ದೆ. ಇದಕ್ಕೆ ಸಿದ್ಧವಾಗಿರಲಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಪದ ಇಲ್ಲದೆ ಹೋಗಿದ್ದಕ್ಕಲ್ಲ. ಗೊತ್ತಿಲ್ಲ ಅಂತ ಹೇಳೋಕೆ ನಿಮಗೆ ನಾಚಿಕೆಯಾಯಿತಲ್ಲ, ಅದಕ್ಕೆ. ನಿಮ್ಮ ಫೋನು ಗೊತ್ತಿಲ್ಲ ಅಂದಿದ್ದರೆ ನಾನು ಅವ್ವನ ಮಾತು ಕೇಳುತ್ತಿದ್ದೆ. ಆಮೇಲೆ ಸತ್ಯ ಗೊತ್ತಾದ ಮೇಲೂ ಐದು ವಾರ ತೆಗೆದುಕೊಂಡಿರಿ.

ಅವ್ವ ನಿಮ್ಮನ್ನು ನೋಡಬೇಕಂತೆ. ಯಾಕೆ ಅಂತ ಕೇಳಿದೆ, ಹೇಳಲಿಲ್ಲ. ಐ.ಡಿ.ಹಳ್ಳಿಯಲ್ಲಿ ಇಳಿದು ತಿಮ್ಮರಾಯಪ್ಪನವರ ಮನೆ ಕೇಳಿ, ಯಾರಾದರೂ ತೋರಿಸುತ್ತಾರೆ. ಹಣ್ಣು ಹಂಪಲು ಏನೂ ತರಬೇಡಿ. ನಾನು ಇರುತ್ತೇನೋ ಇಲ್ಲವೋ ಗೊತ್ತಿಲ್ಲ.

ಗಂಗಲಕ್ಷ್ಮಿ


ಪಾವಗಡ
9 ಮೇ 2012

ಗಂಗಲಕ್ಷ್ಮಿ,

ನಿನ್ನೆ ನಿಮ್ಮೂರಿಗೆ ಹೋಗಿದ್ದೆ. ಹೋಗುವುದಕ್ಕೆ ಮೂರು ವಾರ ಧೈರ್ಯ ಸಾಲಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನೀವು ಮನೆಯಲ್ಲಿರಲಿಲ್ಲ. ಬೆಳಿಗ್ಗೆಯ ಬಸ್ಸಿಗೇ ಮಧುಗಿರಿಗೆ ಹೋದಳು ಅಂತ ತಿಮ್ಮರಾಯಪ್ಪನವರು ಹೇಳಿದರು. ನಾನು ಬರುವ ದಿನ ನಿಮಗೆ ತಿಳಿದಿತ್ತೋ ಏನೋ. ಇಲ್ಲದೇ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು.

ಹೊನ್ನಕ್ಕನವರು ಕುರಿ ಬಿಟ್ಟುಕೊಂಡು ಹೋಗಿದ್ದರು. ತಿಮ್ಮರಾಯಪ್ಪನವರು ದಾರಿ ತೋರಿಸಿದರು. ಒಣಗಿದ ಹೊಲಗಳ ಆಚೆ ಒಂದು ಜಾಲಿ ಮರದ ಕೆಳಗೆ ಕಂಬಳಿ ಹಾಸಿಕೊಂಡು ಕೂತಿದ್ದರು. ನನ್ನ ಹೆಸರು ಹೇಳಿದೆ. ಕಂಬಳಿಯ ಒಂದು ಕಡೆ ಸರಿದು ಜಾಗ ಮಾಡಿಕೊಟ್ಟರು. ನಾನು ಕಂಬಳಿಯ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತೆ. ಬುತ್ತಿ ಬಿಚ್ಚಿ ಅರ್ಧ ಮುದ್ದೆ ಕೊಟ್ಟರು. ಬೇಡ ಅಂದೆ. “ಬಿಸ್ಲಲ್ ಬಂದಿದ್ದೀಯ, ಉಣ್ಣು” ಅಂದರು. ಉಂಡೆ.

ಆಮೇಲೆ ನನ್ನ ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿದರು. ತಂದೆ ಇದ್ದಾರಾ ಅಂತ ಕೇಳಿದರು. ಇದ್ದಾರೆ ಅಂದೆ. ಕುರಿಗಳು ನೆರಳಿಗೆ ಒತ್ತೊತ್ತಾಗಿ ನಿಂತಿದ್ದವು. ತಪ್ಪಾಯ್ತು ತಾಯಿ ಅಂತ ಅಷ್ಟು ಮಾತ್ರ ಅಂದೆ. ಅವರು ಅದಕ್ಕೆ ಹೌದು ಅನ್ನಲಿಲ್ಲ, ಇರಲಿ ಬಿಡು ಅಂತಲೂ ಅನ್ನಲಿಲ್ಲ.

ನಿಮ್ಮ ವಿಷಯ ಒಂದು ಮಾತು ಹೇಳಿದರು, ಅದು ನಿಮಗೆ ಸೇರಬೇಕಾದದ್ದು. “ನಮ್ಮುಡ್ಗಿ ಪರೀಕ್ಸೆ ಪಾಸಾಗವ್ಳಂತೆ. ಓದ್ ಬುಡ್ತೀನಿ ಅಂತವ್ಳೆ. ಬುಡಬ್ಯಾಡ ಅಂತ ನಂಗೆ ಹೇಳಾಕಾಗ್ತಿಲ್ಲ. ನೀನು ಬರಿ” ಅಂದರು. ಬರೆದಿದ್ದೇನೆ. ನನ್ನ ಮಾತು ಕೇಳಬೇಡಿ, ಅವರ ಮಾತು ಅಂತ ಕೇಳಿ.

ಕೊನೆಗೆ ಅವರು ಕೇಳಿದ್ದನ್ನು ಬರೆಯುತ್ತೇನೆ. ಅದನ್ನು ಕೇಳುವುದಕ್ಕೇ ಕರೆಸಿಕೊಂಡದ್ದು ಅಂತ ಈಗ ತಿಳಿಯಿತು.

“ಅದು ಇನ್ನೂ ಎಷ್ಟು ಫೋನಲ್ಲೈತೆ?”

ಹೇಳಿದೆ. ಸಿರಾ, ಮಧುಗಿರಿ, ಕೊರಟಗೆರೆಯ ಅಂಗಡಿಗಳಲ್ಲಿ ಅಳಿಸಿದ್ದೇನೆ. ಸಿಕ್ಕಿದ ಫೋನುಗಳಲ್ಲಿ ತೆಗೆದು ತಿದ್ದಿದ ನಿಘಂಟು ಹಾಕಿಕೊಟ್ಟಿದ್ದೇನೆ, ಅದರಲ್ಲಿ ಪದ ಇಲ್ಲದಿದ್ದರೆ ಇಲ್ಲ ಅಂತಲೇ ಹೇಳುತ್ತದೆ. ಆದರೆ ಗೊರವನಹಳ್ಳಿಗೆ ಬಸ್ಸಿನಲ್ಲಿ ಬಂದು ಹೋದವರು ಯಾವ ಊರಿನವರೋ ಯಾರಿಗೂ ಗೊತ್ತಿಲ್ಲ. ಒಬ್ಬರಿಂದ ಒಬ್ಬರಿಗೆ ಹೋದದ್ದು ಎಲ್ಲೆಲ್ಲಿದೆಯೋ ತಿಳಿಯುವ ದಾರಿ ಇಲ್ಲ. ಅಳಿಸುವುದಕ್ಕೆ ಪಾವಗಡಕ್ಕೆ ನಾನಿನ್ನೂ ಹೋಗೇ ಇಲ್ಲ. ಎಷ್ಟು ಅಂತ ಗೊತ್ತಿಲ್ಲ ತಾಯಿ ಅಂದೆ.

ಅವರು ನನ್ನ ಮುಖ ನೋಡಿದರು. ಕೋಪ ಇರಲಿಲ್ಲ.

“ಗೊತ್ತಿಲ್ದಿದ್ ಮ್ಯಾಲೆ ಇಲ್ ಯಾಕಪ್ಪ ಕುಂತಿದ್ದೀಯ?” ಅಂದರು. “ಎದ್ದೋಗು.”

ಎದ್ದೆ. ಸಿರಾಕ್ಕೆ ಹೋಗಲಿಲ್ಲ. ಮಧುಗಿರಿಗೆ ಬಂದು ಪಾವಗಡದ ಬಸ್ಸು ಹತ್ತಿದೆ. ಇಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಮೂರು ಮೊಬೈಲ್ ಅಂಗಡಿ ಇವೆ. ಎರಡರಲ್ಲಿ ಅಳಿಸಿ ಆಯಿತು. ಒಂದರಲ್ಲಿ ಕೂತಿದ್ದಾಗಲೇ ಆಂಧ್ರದ ಗಡಿ ಕಡೆಯ ಹಳ್ಳಿಯ ಒಬ್ಬ ಹೆಂಗಸು ಚಾರ್ಜರ್ ಕೇಳಿಕೊಂಡು ಬಂದರು, ಅವರ ಫೋನಿನಲ್ಲೂ ಇತ್ತು. ಯಾಕೆ ತೆಗೀತೀಯ, ಚೆನ್ನಾಗಿದೆಯಲ್ಲ ಅಂತ ತೆಲುಗಿನಲ್ಲಿ ಜಗಳಕ್ಕೇ ನಿಂತರು. ಅವರಿಗೆ ನಿಮ್ಮ ತಂದೆಯ ಹೆಸರು ಹೇಳಲಿಲ್ಲ, ಉಳಿದದ್ದೆಲ್ಲ ಹೇಳಿದೆ. ಫೋನು ಕೊಟ್ಟರು.

ಮೂರನೆಯ ಅಂಗಡಿ ಇನ್ನೂ ತೆಗೆದಿಲ್ಲ. ಅದರ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಓಬಳರಾಜು